ಸೋಲ್ ಅಂದರೆ ಸೂರ್ಯ

ಕಾಲೇಜಿನ ನಾಟಕ ಸಂಘದವರು ಈ ಸಲದ ಸಂಚಿಕೆಗೆ ಏನಾದರೂ ಬರೆದುಕೊಡಿ ಅಂತ ಫೋನ್ ಮಾಡಿದ್ದರು. ನಾನು ಮೊದಲು ಕೇಳಿದ್ದು, "ಆ ಎರಡು ಉದ್ದ ಬೆಂಚು ಇನ್ನೂ ಇವೆಯಾ?" ಅಂತ. ಫೋನಿನಲ್ಲಿದ್ದ ಹುಡುಗಿಗೆ ಗೊತ್ತಾಗಲಿಲ್ಲ. ಗೊತ್ತಾಗೋದಾದರೂ ಹೇಗೆ, ಅದು ಅವಳು ಹುಟ್ಟುವ ಮುಂಚಿನ ಮಾತು.

1999ರಲ್ಲಿ ನಾವು ರೋಮಿಯೋ ಜೂಲಿಯೆಟ್ ಆಡಿದೆವು. ಕನ್ನಡ ಮೇಷ್ಟ್ರೇ ಅದನ್ನು ಕನ್ನಡಕ್ಕೆ ತಂದಿದ್ದರು. ಜೂಲಿಯೆಟ್ ನಿಲ್ಲುವ ಉಪ್ಪರಿಗೆಗೆ ಕೆಮಿಸ್ಟ್ರಿ ಲ್ಯಾಬಿನ ಹೊರಗಿದ್ದ ಎರಡು ಬೆಂಚುಗಳನ್ನು ಒಂದರ ಮೇಲೊಂದು ಇಟ್ಟು ಹಗ್ಗ ಬಿಗಿದು, ಮೇಲೆ ಯಾರದೋ ಮನೆಯ ಕೆಂಪು ಜಮಖಾನ ಹೊದಿಸಿದ್ದೆವು. ನಾನು ಬಣ್ಣ ಹಚ್ಚಲಿಲ್ಲ. ನನ್ನದು ಪ್ರಾಂಪ್ಟಿಂಗ್, ಅಂದರೆ ನಟರು ಮಾತು ಮರೆತರೆ ಮರೆಯಿಂದ ಹೇಳಿಕೊಡೋದು. ಸೈಡ್ ವಿಂಗಿನಲ್ಲಿ ಟಾರ್ಚ್ ಹಿಡಿದು ನೋಟ್‌ಬುಕ್ ಮುಂದಿಟ್ಟುಕೊಂಡು ಕೂರುವ ಕೆಲಸ. ಒಂದೂವರೆ ತಿಂಗಳ ತಾಲೀಮು ಮುಗಿಯುವ ಹೊತ್ತಿಗೆ ಇಡೀ ನಾಟಕ ನನಗೆ ಬಾಯಿಗೆ ಬಂದಿತ್ತು. ಎಲ್ಲರ ಮಾತೂ.

ಆ ನಾಟಕದಲ್ಲಿ ಒಂದು ಸಾಲು ಮೇಷ್ಟ್ರನ್ನು ತುಂಬ ಕಾಡಿತು. ಕಿಟಕಿಯಲ್ಲಿ ಬೆಳಕು ಕಂಡು ರೋಮಿಯೋ, ಅದು ಮೂಡಣ, ಜೂಲಿಯೆಟ್ಟೇ ಸೂರ್ಯ ಅನ್ನುತ್ತಾನಲ್ಲ, ಅದು. "ನಮ್ಮಲ್ಲಿ ಸೂರ್ಯ ಗಂಡಸು ಕಣೇ. ಏಳು ಕುದುರೆ ಕಟ್ಟಿಕೊಂಡು ಬರೋನು. ಹುಡುಗಿಯನ್ನ ಸೂರ್ಯ ಅಂದ್ರೆ ಜನಕ್ಕೆ ಮೀಸೆ ಕಾಣುತ್ತೆ" ಅನ್ನುತ್ತಿದ್ದರು. ಚಂದ್ರ ಅನ್ನೋಣ ಅಂದರೆ ಅವನೂ ಗಂಡಸೇ. ಮೇಲಾಗಿ ಮುಂದಿನ ಮಾತಿನಲ್ಲೇ ಚಂದ್ರನಿಗೆ ಹೊಟ್ಟೆಕಿಚ್ಚಿನವಳು ಅಂತ ಬೈಗುಳ ಇದೆ. ನಾಲ್ಕೈದು ದಿನ ಒದ್ದಾಡಿ ಕೊನೆಗೆ "ಜೂಲಿಯೆಟ್ಟೇ ಬೆಳಗು" ಅಂತ ಮಾಡಿದರು. ಚೆನ್ನಾಗಿಯೇ ಇತ್ತು. ಆದರೆ ಅವರಿಗೆ ಸಮಾಧಾನ ಇರಲಿಲ್ಲ. "ಸೂರ್ಯ ತಪ್ಪಿಹೋಯ್ತು" ಅಂತ ಪ್ರದರ್ಶನದ ದಿನವೂ ಹೇಳಿದ್ದರು.

ಸೂರ್ಯ ನನಗೆ ಸಿಕ್ಕಿದ್ದು ಮೂರು ವರ್ಷದ ಮೇಲೆ, ಬಹಳ ದೂರದಲ್ಲಿ.

2002ರ ಆಗಸ್ಟಿನಲ್ಲಿ ಭೂವಿಜ್ಞಾನ ಓದಲು ಐಸ್‌ಲ್ಯಾಂಡಿಗೆ ಹೋದೆ. ರಾಜಧಾನಿ ರೇಕ್ಯಾವಿಕ್. ಆಗ ಇಡೀ ದೇಶದ ಜನಸಂಖ್ಯೆ 3 ಲಕ್ಷ ಕೂಡ ಇರಲಿಲ್ಲ. ನಮ್ಮ ಒಂದು ದೊಡ್ಡ ತಾಲ್ಲೂಕಿನಷ್ಟು ಜನ. ಪಾಠ ಇಂಗ್ಲಿಷಿನಲ್ಲಿ ನಡೆಯುತ್ತಿತ್ತು, ಅಂಗಡಿಯಲ್ಲೂ ಇಂಗ್ಲಿಷ್ ಸಾಕಾಗುತ್ತಿತ್ತು. ಆದರೂ ವಾರಕ್ಕೆ ಎರಡು ಸಂಜೆ ಐಸ್‌ಲ್ಯಾಂಡಿಕ್ ಕ್ಲಾಸಿಗೆ ಸೇರಿಕೊಂಡೆ. ಸುತ್ತಲಿನ ಜನ ತಮ್ಮತಮ್ಮಲ್ಲಿ ನಗಾಡುವಾಗ ಯಾಕೆ ನಗುತ್ತಿದ್ದಾರೆ ಅಂತ ಗೊತ್ತಾಗದೆ ನಿಲ್ಲೋದು ನನಗೆ ಆಗುತ್ತಿರಲಿಲ್ಲ.

ಆ ಭಾಷೆ ಕಷ್ಟ. ಆದರೆ ಕನ್ನಡದವರಿಗೆ ಒಂದು ಅನುಕೂಲ ಇದೆ, ವಿಭಕ್ತಿ. ಕ್ಲಾಸಿನಲ್ಲಿದ್ದ ಇಂಗ್ಲಿಷ್ ಮಾತಾಡುವವರು, ಮನುಷ್ಯರ ಹೆಸರಿನ ಕೊನೆಯೂ ಬದಲಾಗುತ್ತದೆ ಅಂದಾಗ ಬೆಚ್ಚಿಬಿದ್ದರು. ಗೀಸ್ಲಿ ಬಂದ ಅನ್ನುವಾಗ ಗೀಸ್ಲಿ, ಗೀಸ್ಲಿಯನ್ನು ನೋಡಿದೆ ಅನ್ನುವಾಗ ಗೀಸ್ಲಾ. ರಾಮನು, ರಾಮನನ್ನು, ರಾಮನಿಂದ ಅಂತ ಐದನೇ ಕ್ಲಾಸಿನಲ್ಲಿ ರಾಗವಾಗಿ ಹೇಳಿದ ನನಗೆ ಅದು ದೊಡ್ಡ ವಿಷಯ ಅನ್ನಿಸಲಿಲ್ಲ. ಒಗ್ಗದೇ ಇದ್ದದ್ದು ಬೇರೆ. ಅಲ್ಲಿ ಎಲ್ಲರನ್ನೂ ಏಕವಚನದಲ್ಲಿ, ಮೊದಲ ಹೆಸರಿನಲ್ಲೇ ಕರೆಯುತ್ತಾರೆ. ಪ್ರೊಫೆಸರನ್ನೂ, ಪ್ರಧಾನಿಯನ್ನೂ. ನನ್ನ ಗೈಡನ್ನು ಹೆಸರು ಹಿಡಿದು ಕರೆಯಲು ಒಂದು ವರ್ಷ ಬೇಕಾಯಿತು.

ಒಂದು ಸಂಜೆ ಟೀಚರ್ ಬೋರ್ಡಿನ ಮೇಲೆ "ಲೇಕ್‌ಹೂಸ್" ಅಂತ ಬರೆದರು. ರಂಗಮಂದಿರ ಅಂತ ಅರ್ಥ. ಬಿಡಿಸಿದರೆ ಲೇಕ್ ಅಂದರೆ ಆಟ, ಹೂಸ್ ಅಂದರೆ ಮನೆ. ನಟನೆಗೆ ಬಳಸುವುದೂ "ಆಡು" ಅನ್ನುವ ಮಾತನ್ನೇ. ನಾಟಕದ ಪಠ್ಯ ಅಂದರೆ ಆಟದ ಬರಹ, ನಿರ್ದೇಶಕ ಅಂದರೆ ಆಟ ನಡೆಸುವವನು. ನಮ್ಮ ಅಜ್ಜನ ಮನೆ ಕುಂದಾಪುರದ ಕಡೆ. ಅಲ್ಲಿ ಯಾರೂ "ಯಕ್ಷಗಾನ ನೋಡಲು ಹೋಗೋಣ" ಅನ್ನೋದಿಲ್ಲ. "ಆಟಕ್ಕೆ ಹೋಪ" ಅನ್ನುತ್ತಾರೆ. ಆ ಪದ ಬೋರ್ಡಿನ ಮೇಲೆ ಕಂಡಾಗ ಊರಿನವರು ಯಾರೋ ಸಿಕ್ಕ ಹಾಗೆ ಆಯಿತು.

ಅವತ್ತೇ ಟೀಚರ್ ಹೇಳಿದ್ದು. ಡ್ರಾಮಾ ಶಾಲೆಯಿಂದ ಹಿಂದಿನ ವರ್ಷವಷ್ಟೇ ಹೊರಬಂದ ಹುಡುಗ ಹುಡುಗಿಯರು ಸೇರಿ ಒಂದು ತಂಡ ಕಟ್ಟಿಕೊಂಡಿದ್ದಾರೆ, ಈಗ ರೋಮಿಯೋ ಜೂಲಿಯೆಟ್ ಆಡುತ್ತಿದ್ದಾರೆ, ನಿಮ್ಮಲ್ಲಿ ಯಾರಿಗೆ ಕಥೆ ಗೊತ್ತೋ ಅವರು ಹೋಗಿ ನೋಡಿ, ಭಾಷೆ ತಾನಾಗಿ ಕಿವಿಗೆ ಬೀಳುತ್ತದೆ ಅಂತ. ಕಥೆ ಗೊತ್ತೋ ಅಂದರೆ? ನನಗೆ ಎಲ್ಲರ ಮಾತೂ ಗೊತ್ತಿತ್ತು!

ತಂಡದ ಹೆಸರು ವೆಸ್ಟುರ್‌ಪೋರ್ಟ್. ಹಳೆ ಬಂದರಿನ ಹತ್ತಿರ ವೆಸ್ಟುರ್‌ಗಾತಾ, ಅಂದರೆ ಪಡುವಣ ಬೀದಿ, ಅಂತ ಒಂದು ರಸ್ತೆ ಇದೆ. ಅಲ್ಲೊಂದು ಪುಟ್ಟ ಜಾಗದಲ್ಲಿ 2001ರಲ್ಲಿ ಇವರು ಆಡಲು ಶುರು ಮಾಡಿದರು. ಈ ನಾಟಕಕ್ಕೆ ಮಾತ್ರ ಊರಿನ ದೊಡ್ಡ ರಂಗಮಂದಿರ ಬೋರ್ಗರ್‌ಲೇಕ್‌ಹೂಸಿದ್ ತನ್ನ ಚಿಕ್ಕ ರಂಗವನ್ನು ಕೊಟ್ಟಿತ್ತು. 1897ರಲ್ಲಿ ಹುಟ್ಟಿದ ರೇಕ್ಯಾವಿಕ್ ನಾಟಕ ಸಂಘದ ಮನೆ ಅದು. ನಿರ್ದೇಶಕ ಗೀಸ್ಲಿ ಓರ್ನ್ ಗಾರ್ದರ್ಸನ್. ಜೊತೆಗೆ ನಿರ್ದೇಶಿಸಿದವರು ಆಗ್ನರ್ ಯೋನ್ ಎಗಿಲ್ಸನ್. ಗೀಸ್ಲಿಗೆ ಆಗ 28 ವರ್ಷ. ರೋಮಿಯೋ ಪಾತ್ರವೂ ಅವರದೇ. ಜೂಲಿಯೆಟ್ ಆಗಿದ್ದವರು ಅವರ ಜೊತೆಯಲ್ಲೇ ಕಲಿತ ನೀನಾ ದೋಗ್ ಫಿಲಿಪ್ಪುಸ್‌ದೋಟಿರ್. ನೀನಾ ಹೆಸರಿನ ಕೊನೆಯ ತುಂಡಿಗೆ ಮಗಳು ಅಂತಲೂ ಗೀಸ್ಲಿ ಹೆಸರಿನ ಕೊನೆಯ ತುಂಡಿಗೆ ಮಗ ಅಂತಲೂ ಅರ್ಥ. ಅದು ಅಪ್ಪನ ಹೆಸರು, ಮನೆತನದ ಹೆಸರಲ್ಲ.

ಗೀಸ್ಲಿ ನಾಟಕಕ್ಕೆ ಬರುವ ಮುಂಚೆ ಎಷ್ಟೋ ವರ್ಷ ಜಿಮ್ನಾಸ್ಟಿಕ್ಸ್ ಮಾಡಿದವರು. ಇದು ಮುಖ್ಯವಾದ ವಿಷಯ. ಯಾಕೆ ಅನ್ನೋದನ್ನು ಆಮೇಲೆ ಹೇಳುತ್ತೇನೆ.

ಡಿಸೆಂಬರ್ ಮೊದಲ ವಾರ. ಅಲ್ಲಿ ಆ ದಿನಗಳಲ್ಲಿ ಸೂರ್ಯ ಮೂಡುವಾಗ ಬೆಳಿಗ್ಗೆ 11 ಗಂಟೆ ಸಮೀಪ ಆಗಿರುತ್ತದೆ. ಮಧ್ಯಾಹ್ನ 4ರ ಒಳಗೆ ಮುಳುಗಿಬಿಡುತ್ತಾನೆ. ಇದ್ದಷ್ಟು ಹೊತ್ತೂ ಮೇಲೇರೋದಿಲ್ಲ, ಮನೆಗಳ ಸಾಲಿನ ಹಿಂದೆ ತೆವಳಿಕೊಂಡು ಹೋಗುತ್ತಾನೆ. ಮೋಡ ಇದ್ದರೆ ಅದೂ ಇಲ್ಲ. ನಾನು ಕತ್ತಲಲ್ಲಿ ಕ್ಲಾಸಿಗೆ ಹೋಗಿ ಕತ್ತಲಲ್ಲೇ ರೂಮಿಗೆ ಬರುತ್ತಿದ್ದೆ. ಮೈಯಲ್ಲಿ ಶಕ್ತಿಯೇ ಇಲ್ಲ ಅನ್ನಿಸುತ್ತಿತ್ತು. ಊಟ ಸೇರುತ್ತಿರಲಿಲ್ಲ. ಅಮ್ಮನಿಗೆ ಫೋನಿನಲ್ಲಿ ಎಲ್ಲ ಚೆನ್ನಾಗಿದೆ ಅನ್ನುತ್ತಿದ್ದೆ, ಇಟ್ಟ ಮೇಲೆ ಅಳುತ್ತಿದ್ದೆ. ಒಂಬತ್ತು ದಿನ ಸೂರ್ಯನನ್ನು ಕಂಡಿರಲಿಲ್ಲ. ನೋಟ್‌ಬುಕ್ಕಿನ ಅಂಚಿನಲ್ಲಿ ಗೀಟು ಹಾಕಿಕೊಂಡು ಲೆಕ್ಕ ಇಟ್ಟಿದ್ದೆ. ಅಂಥ ಒಂದು ಸಂಜೆ ಹಳದಿ ಬಸ್ ಹತ್ತಿ ನಾಟಕಕ್ಕೆ ಹೋದೆ. ದಪ್ಪ ಕೋಟು, ಒದ್ದೆ ಮಫ್ಲರ್ ಎಲ್ಲ ಹೊರಗೆ ನೇತುಹಾಕಿ ಒಳಗೆ ಕೂತೆ.

ದೀಪ ಆರಿತು. ಹಗ್ಗ, ಟ್ರಪೀಜ್, ಸರ್ಕಸ್ಸಿನಲ್ಲಿ ಇರುವಂಥ ಸಾಮಾನುಗಳು. ವೆರೋನಾ ನಗರವೂ ಇಲ್ಲ, ಕಂಬ ಕಮಾನೂ ಇಲ್ಲ. ನಟರು ಓಡುತ್ತಾರೆ, ನೆಗೆಯುತ್ತಾರೆ, ಒಬ್ಬರ ಮೇಲೊಬ್ಬರು ಹತ್ತುತ್ತಾರೆ, ಉಸಿರು ಕಟ್ಟಿಸುವ ಹಾಗೆ ಮೇಲಿಂದ ಕೆಳಗೆ ಬೀಳುತ್ತಾರೆ. ಬಾಯಲ್ಲಿ ಮಾತು ಮಾತ್ರ ನಿಲ್ಲೋದಿಲ್ಲ. ಮೊದಲ ಹತ್ತು ನಿಮಿಷ ನನಗೆ ಒಂದಕ್ಷರ ಹಿಡಿಯಲು ಆಗಲಿಲ್ಲ.

ಆಮೇಲೆ ನನ್ನ ತುಟಿ ಅಲ್ಲಾಡುತ್ತಿರುವುದು ನನಗೇ ಗೊತ್ತಾಯಿತು. ಅಲ್ಲಿ ಅವರು ಐಸ್‌ಲ್ಯಾಂಡಿಕ್‌ನಲ್ಲಿ ಹೇಳುತ್ತಿದ್ದರು, ಇಲ್ಲಿ ನಾನು ಕನ್ನಡದಲ್ಲಿ ಪ್ರಾಂಪ್ಟ್ ಮಾಡುತ್ತಿದ್ದೆ. ಮೇಷ್ಟ್ರ ಮಾತು ಒಂದೊಂದಾಗಿ ಬರುತ್ತಿತ್ತು. ದನಿ ಇಲ್ಲ, ಬರೀ ತುಟಿ. ಪಕ್ಕದಲ್ಲಿದ್ದ ಅಜ್ಜಿ ಒಮ್ಮೆ ತಿರುಗಿ ನೋಡಿದರು. ನಾನು ನಿಲ್ಲಿಸಲಿಲ್ಲ.

ಉಪ್ಪರಿಗೆಯ ದೃಶ್ಯ ಬಂತು. ಅಲ್ಲಿ ಹುಡುಗ ಕೆಳಗೆ, ಹುಡುಗಿ ಮೇಲೆ, ಮಧ್ಯೆ ಬರೀ ಮಾತು ಅನ್ನುವ ಹಾಗಿರಲಿಲ್ಲ. ಪ್ರೀತಿ ಆದ ಮೇಲೆ ಆ ಹುಡುಗನಿಗೆ ನೆಲ ಬೇಕಾಗಿರಲಿಲ್ಲ, ಅಷ್ಟೇ. ಜಿಮ್ನಾಸ್ಟಿಕ್ಸ್ ಬಗ್ಗೆ ಹೇಳಿದೆನಲ್ಲ, ಅದು ಇಲ್ಲಿ. ಆ ನಿರ್ದೇಶಕನಿಗೆ ತನ್ನ ಮೈಗೆ ಏನು ಗೊತ್ತಿತ್ತೋ ಅದನ್ನೇ ತಂದು ನಾಟಕಕ್ಕೆ ಕೊಟ್ಟಿದ್ದರು. ಶೇಕ್ಸ್‌ಪಿಯರಿಗೆ ಸರ್ಕಸ್ ಯಾಕೆ ಅಂತ ಕೇಳಬಹುದು. ಯಕ್ಷಗಾನದಲ್ಲಿ ಧೀಂಗಿಣ ಹಾಕುವ, ಅಂದರೆ ನೆಗೆದು ಗಿರಕಿ ಹೊಡೆಯುವ, ವೇಷಧಾರಿಯನ್ನು ನೋಡಿ ಬೆಳೆದ ನನಗೆ ಆ ಪ್ರಶ್ನೆ ಏಳಲೇ ಇಲ್ಲ. ಅಭಿಮನ್ಯು ಮಂಡಿಯ ಮೇಲೆ ಗಿರಗಿರ ಸುತ್ತುವಾಗ ಇದು ಯಾಕೆ ಅಂತ ನಾವು ಕೇಳುತ್ತೇವಾ? ಅವನ ಒಳಗೆ ಏನಾಗುತ್ತಿದೆ ಅನ್ನೋದು ಆ ಸುತ್ತಿನಲ್ಲೇ ಇದೆ ಅಲ್ವಾ.

ಆ ದೃಶ್ಯದಲ್ಲೇ ಕಿವಿಗೆ ಒಂದು ಪದ ಬಿತ್ತು. ಸೋಲ್. ನನ್ನ ಕನ್ನಡದ ಕಿವಿಗೆ ಅದು ಮೊದಲು ಸೋಲು ಅಂತಲೇ ಕೇಳಿಸಿತು. ಜೂಲಿಯೆಟ್‌ಗೆ ಅವರು ಯೂಲಿಯಾ ಅನ್ನುತ್ತಾರೆ. ಯೂಲಿಯಾ, ಸೋಲ್. ಸೋಲು ಯಾಕೆ ಬಂತು ಇಲ್ಲಿ ಅಂತ ಒಂದು ಗಳಿಗೆ ತಬ್ಬಿಬ್ಬಾದೆ. ಅಷ್ಟರಲ್ಲಿ ತುಟಿಯ ಮೇಲೆ ಮೇಷ್ಟ್ರ ಸಾಲು ತಾನಾಗಿ ಬಂತು. ಅದು ಮೂಡಣ, ಜೂಲಿಯೆಟ್ಟೇ ಬೆಳಗು. ಆಗ ಹೊಳೆಯಿತು. ಸೋಲ್ ಅಂದರೆ ಸೂರ್ಯ. ಕ್ಲಾಸಿನಲ್ಲಿ ಕಲಿತದ್ದೇ ಪದ. ಇನ್ನೊಂದೂ ಹೊಳೆಯಿತು. ಆ ಭಾಷೆಯಲ್ಲಿ ಸೋಲ್ ಹೆಣ್ಣು. ವ್ಯಾಕರಣದಲ್ಲಿ ಸ್ತ್ರೀಲಿಂಗ, ಹಳೆಯ ಪುರಾಣದಲ್ಲಿ ದೇವಿ. ರಥ ಹತ್ತಿ ಆಕಾಶದಲ್ಲಿ ಹೋಗುವವಳು ಅಲ್ಲಿ ಹೆಂಗಸು. ಮೇಷ್ಟ್ರಿಗೆ ನಾಲ್ಕೈದು ದಿನ ನಿದ್ದೆ ಕೆಡಿಸಿದ ಸಾಲು ಇಲ್ಲಿ ಕೈ ಹಿಡಿದುಕೊಂಡು ಬಂದ ಹಾಗೆ ಬಂದಿತ್ತು.

ಒಂಬತ್ತು ದಿನ ಸೂರ್ಯನನ್ನು ಕಾಣದವಳ ಎದುರು ಯಾರೋ ಒಬ್ಬ ಹುಡುಗ, ನೀನೇ ಸೂರ್ಯ, ಮೇಲೇಳು ಅಂತ ಒಬ್ಬ ಹುಡುಗಿಗೆ ಹೇಳಿದರೆ ಏನಾಗುತ್ತದೆ? ನಮ್ಮ ಊರಿನಲ್ಲಿ ಸೂರ್ಯ ದಿನಾ ಬರುತ್ತಾನೆ, ಬಿಸಿಲು ಜಾಸ್ತಿ ಆಯಿತು ಅಂತ ಕೊಡೆ ಹಿಡಿಯುತ್ತೇವೆ. ಆ ಮಾತಿನ ತೂಕ ನನಗೆ ಗೊತ್ತೇ ಇರಲಿಲ್ಲ. ಅಲ್ಲಿ ಕೂತಿದ್ದ ಪ್ರತಿಯೊಬ್ಬರೂ ಅವತ್ತು ಕತ್ತಲಲ್ಲಿ ಎದ್ದು, ಕತ್ತಲಲ್ಲೇ ಮನೆ ಬಿಟ್ಟು ಬಂದವರು. ಕಣ್ಣಲ್ಲಿ ನೀರು ಬಂತು. ಪಕ್ಕದ ಅಜ್ಜಿ ಏನೂ ಕೇಳದೆ ಒಂದು ಕರವಸ್ತ್ರ ಕೊಟ್ಟರು.

ಮುಂದಿನ ವಾರ ಕ್ಲಾಸಿನಲ್ಲಿ ಇದನ್ನೆಲ್ಲ ಹೇಳಿದೆ, ಅರ್ಧ ಐಸ್‌ಲ್ಯಾಂಡಿಕ್ ಅರ್ಧ ಇಂಗ್ಲಿಷಿನಲ್ಲಿ. ಟೀಚರ್ ಖುಷಿಯಾಗಿ ಅನುವಾದಗಳ ಕಥೆ ಹೇಳಿದರು. ಹೆಲ್ಗಿ ಹಾಲ್ಫ್‌ದಾನರ್ಸನ್ ಅಂತ ಒಬ್ಬರು. ಉತ್ತರದ ಹೂಸಾವಿಕ್ ಅನ್ನುವ ಮೀನುಗಾರರ ಊರಿನಲ್ಲಿ ಔಷಧಿ ಅಂಗಡಿ ನಡೆಸುತ್ತಿದ್ದವರು. ಶೇಕ್ಸ್‌ಪಿಯರನ ಎಲ್ಲ ನಾಟಕಗಳನ್ನೂ ಅವರೊಬ್ಬರೇ ಐಸ್‌ಲ್ಯಾಂಡಿಕ್‌ಗೆ ತಂದರು. ಎಲ್ಲವನ್ನೂ! ಮೂರು ಲಕ್ಷ ಜನರ ಭಾಷೆಗೆ. ಇಷ್ಟೆಲ್ಲ ಇದ್ದರೂ ವೆಸ್ಟುರ್‌ಪೋರ್ಟ್‌ನವರು ಹಳೆಯದನ್ನು ಎತ್ತಿಕೊಳ್ಳಲಿಲ್ಲ. ಕಾದಂಬರಿಕಾರ ಹಾಲ್ಗ್ರೀಮುರ್ ಹೆಲ್ಗಸನ್ ಈ ತಂಡಕ್ಕಾಗಿ ಹೊಸದಾಗಿ ಅನುವಾದ ಮಾಡಿದ್ದರು. ಭಾಷೆ ಚಿಕ್ಕದು, ಒಂದು ಅನುವಾದ ಇದ್ದರೆ ಸಾಕು ಅಂತ ಯಾರೂ ಅಂದುಕೊಂಡಿರಲಿಲ್ಲ. ನನಗೆ ಮೇಷ್ಟ್ರ ನೆನಪಾಯಿತು. ಒಂದು ಕಾಲೇಜಿನ ಒಂದೇ ರಾತ್ರಿಯ ಪ್ರದರ್ಶನಕ್ಕೆ ಇಡೀ ನಾಟಕ ಕನ್ನಡಕ್ಕೆ ತಂದವರು ಅವರು.

ಆ ನಾಟಕ 2003ರಲ್ಲಿ ಲಂಡನ್ನಿನ ಯಂಗ್ ವಿಕ್ ರಂಗಮಂದಿರಕ್ಕೆ ಹೋಯಿತು. ಮುಂದಿನ ವರ್ಷ ವೆಸ್ಟ್ ಎಂಡಿಗೂ, ಅಂದರೆ ಲಂಡನ್ನಿನ ದೊಡ್ಡ ರಂಗಮಂದಿರಗಳಿರುವ ಕಡೆಗೂ, ಹೋಯಿತು. ಅಲ್ಲಿ ಆಡಿದ್ದು ಇಂಗ್ಲಿಷಿನಲ್ಲಿ. ಇಂಗ್ಲಿಷಿನವರ ನಾಟಕವನ್ನು ಇಂಗ್ಲಿಷಿನವರ ಊರಿಗೇ ಹೊತ್ತುಕೊಂಡು ಹೋಗಿ ತೋರಿಸಿ ಬಂದರು. ನಾನು ಅದನ್ನು ನೋಡಿಲ್ಲ, ನೋಡಬೇಕು ಅಂತಲೂ ಅನ್ನಿಸಿಲ್ಲ.

ಗೀಸ್ಲಿ ನಿರ್ದೇಶಿಸಿದ ಇನ್ನೊಂದು ನಾಟಕ ನೋಡಿದ್ದೇನೆ, 2005ರಲ್ಲಿ, ವೋಯ್‌ಜೆಕ್. 23ನೇ ವಯಸ್ಸಿಗೇ ತೀರಿಕೊಂಡ ಜರ್ಮನ್ ಲೇಖಕ ಗ್ಯೋರ್ಗ್ ಬ್ಯೂಷ್ನರ್ ಅರ್ಧಕ್ಕೆ ಬಿಟ್ಟುಹೋದ ನಾಟಕ. ರಂಗದ ಮೇಲೆ ನೀರು ತುಂಬಿದ ತೊಟ್ಟಿ. ಸಂಗೀತ ನಿಕ್ ಕೇವ್ ಮತ್ತು ವಾರನ್ ಎಲಿಸ್ ಅವರದು. ಮುಖ್ಯ ಪಾತ್ರದಲ್ಲಿ ಇಂಗ್ವರ್ ಸಿಗುರ್ದ್ಸನ್. ಆ ಹೊತ್ತಿಗೆ ನನಗೆ ಭಾಷೆ ಚೆನ್ನಾಗಿ ಬರುತ್ತಿತ್ತು. ಒಳ್ಳೆಯ ನಾಟಕ. ಆದರೆ ಮೊದಲಿನ ಹಾಗೆ ತುಟಿ ಅಲ್ಲಾಡಲಿಲ್ಲ. 2006ರಲ್ಲಿ ನಾನು ವಾಪಸು ಬಂದೆ. ವೆಸ್ಟುರ್‌ಪೋರ್ಟ್‌ಗೆ 2011ರಲ್ಲಿ ಯುರೋಪ್ ರಂಗಭೂಮಿ ಪ್ರಶಸ್ತಿ ಬಂತು ಅಂತ ಇಲ್ಲಿ ಕೂತು ಓದಿದಾಗ ನಮ್ಮ ಮನೆಯವರಿಗೇ ಬಂದಷ್ಟು ಸಂತೋಷ ಆಯಿತು.

ಬಂದ ವರ್ಷವೇ ಮೇಷ್ಟ್ರನ್ನು ನೋಡಲು ಹೋಗಿದ್ದೆ. ರಿಟೈರ್ ಆಗಿದ್ದರು. ಅಂಗಳದಲ್ಲಿ ಅಡಿಕೆ ಹರವಿತ್ತು, ಕಾಲಿಡಲು ಜಾಗ ಇರಲಿಲ್ಲ. ಪಕ್ಕದಲ್ಲಿ ಬಳಸಿಕೊಂಡು ಹೋಗಿ ಜಗಲಿಯಲ್ಲಿ ಕೂತು, ಸೋಲ್ ಕಥೆ ಹೇಳಿದೆ. ಸೂರ್ಯ ಅಲ್ಲಿ ಹೆಣ್ಣಂತೆ ಸಾರ್ ಅಂದೆ. ಅವರು ಮಾತಾಡಲಿಲ್ಲ. ಎದ್ದು ಒಳಗೆ ಹೋಗಿ ಟ್ರಂಕಿನಿಂದ ನಾಟಕದ ಕೈಬರಹ ತಂದರು. ಆ ಪುಟ ತೆಗೆದು, ಕನ್ನಡಕ ಸರಿಮಾಡಿಕೊಂಡು, "ಇನ್ನೊಂದು ಸಲ ಹೇಳು, ಹ್ಯಾಗೆ ಅಂತಾರೆ?" ಅಂದರು. ಹೇಳಿದೆ. "ಬೆಳಗು" ಅನ್ನುವ ಪದದ ಪಕ್ಕ ಪೆನ್ಸಿಲ್ಲಿನಲ್ಲಿ ಸಣ್ಣಗೆ "ಸೋಲ್" ಅಂತ ಬರೆದುಕೊಂಡರು.

ಆ ಕೈಬರಹವನ್ನು ಹೋದ ವರ್ಷ ಅವರ ಮಗಳು ನನಗೆ ಕೊಟ್ಟರು. ಈ ಲೇಖನದ ಜೊತೆಗೆ ಅದನ್ನು ನಾಟಕ ಸಂಘಕ್ಕೆ ಕಳಿಸುತ್ತಿದ್ದೇನೆ. ಒಂದೆರಡು ಹಾಳೆ ಅಂಚಿನಲ್ಲಿ ಹರಿದಿವೆ, ಜೋಪಾನವಾಗಿ ತಿರುಗಿಸಿ. ಪ್ರಾಂಪ್ಟಿಂಗ್‌ಗೆ ಯಾರು ಕೂರುತ್ತಾರೋ ಅವರ ಕೈಗೆ ಕೊಡಿ.