ಆಕಾಶಕ್ಕೂ ಆರ್‌ಟಿಓ ಇದ್ಯೇನೋ?

ಸಂಜೆ ಹೊತ್ತು ಚಿಕ್ಕಬಳ್ಳಾಪುರದ ನಮ್ಮನೆ ತಾರಸಿ ಮೇಲೆ ಕೂತ್ರೆ ದೇವನಹಳ್ಳಿ ಕಡೆ ಹೋಗೋ ವಿಮಾನಗಳು ಲೈಟ್ ಹಾಕ್ಕೊಂಡು ಕಾಣ್ತಾನೇ ಇರ್ತವೆ. ಮೊನ್ನೆ ಮಾವ ಬಂದಿದ್ರು, ಚಿಂತಾಮಣಿ-ಕೋಲಾರ ಪ್ರೈವೇಟ್ ಬಸ್ಸಲ್ಲಿ ಕಂಡಕ್ಟರ್ ಆಗಿದ್ದೋರು. ಅಕ್ಕ ಯುಗಾದಿಗೆ ಜರ್ಮನಿಯಿಂದ ದುಬೈ ಮೇಲೆ ಬರೋಕೆ ಟಿಕೆಟ್ ಹುಡುಕ್ತಿದ್ಲು, ರೇಟ್ ಕೇಳಿ ಮಾವ "ಅಷ್ಟು ಜನ ಇದ್ರೆ ಇನ್ನೊಂದ್ ಟ್ರಿಪ್ ಬಿಡ್ಬಾರ್ದೇನೋ ಅವ್ರು?" ಅಂದ್ರು.

ಬಿಡಕ್ಕಾಗಲ್ಲ ಮಾವ, ಪರ್ಮಿಟ್ ಬೇಕು ಅಂದೆ.

1944ರ ಶಿಕಾಗೋ ಒಪ್ಪಂದದ ಪ್ರಕಾರ ಯಾವ ದೇಶದ ಆಕಾಶ ಆ ದೇಶದ್ದೇ, ಅವ್ರು ಒಪ್ಪದೆ ದಿನಾ ಓಡೋ ವಿಮಾನ ಇಳಿಯೋ ಹಂಗಿಲ್ಲ. ಹಂಗಾಗಿ ಎರಡು ಸರ್ಕಾರದೋರು ಎದುರುಬದುರು ಕೂತು ಯಾವ್ಯಾವ ಊರು, ವಾರಕ್ಕೆ ಎಷ್ಟು ಸೀಟು ಅಂತ ಚೌಕಾಸಿ ಮಾಡ್ತಾರೆ. ದುಬೈಗೆ 2014ರಲ್ಲಿ ಆದ ಲೆಕ್ಕ ಎರಡೂ ಕಡೆಯ ವಿಮಾನ ಕಂಪನಿಗಳಿಗೆ ವಾರಕ್ಕೆ ತಲಾ ಸುಮಾರು 65,000 ಸೀಟು, ಅಬುಧಾಬಿದು ಬೇರೇನೇ, 50,000, ಒಂದೇ ದೇಶ ಆದ್ರೂ! ಅದೇ ಅಮೆರಿಕ ಜೊತೆ ಆದ್ರೆ 2005ರಲ್ಲೇ ಓಪನ್ ಸ್ಕೈ ಮಾಡ್ಕೊಂಡ್ವಿ, ಎಷ್ಟು ಬೇಕಾದ್ರೂ ಓಡಿಸ್ಕೊಳ್ಳಿ ಅಂತ.

"ದುಬೈನೋರ್ಗೆ ಯಾಕೆ ಬಿಗಿ?"

ಇದನ್ನ ವಿವರ್ಸೋದು ಕಷ್ಟ ಅನ್ಕೊಂಡಿದ್ದೆ, ಆದ್ರೆ ಅಕ್ಕ ದುಬೈಲಿ ಉಳ್ಕೊಳ್ಳಲ್ಲ ಅಲ್ಲಿ ವಿಮಾನ ಬದಲಾಯಿಸ್ತಾಳೆ ಅಷ್ಟೇ ಅಂದ ತಕ್ಷಣ ಮಾವನಿಗೆ ಹೊಳೀತು, "ಓಹೋ, ಚಿಂತಾಮಣಿ ಜನಾನ ಕೋಲಾರದಲ್ಲಿ ಇಳಿಸಿ ಅವನದೇ ಇನ್ನೊಂದ್ ಬಸ್ಸಿಗೆ ಹತ್ತಿಸಿ ಬಂಗಾರಪೇಟೆ ಕಲೆಕ್ಷನ್ನೂ ಹೊಡ್ಕೊಳ್ಳೋದು!" ಕರೆಕ್ಟಾಗಿ ಅದೇ, ಅದಕ್ಕೆ ವಿಮಾನದೋರ ಭಾಷೇಲಿ ಆರನೇ ಫ್ರೀಡಮ್, ಅಂದ್ರೆ ಆರನೇ ಹಾರಾಟದ ಹಕ್ಕು ಅಂತಾರೆ. ಸೀಟು ಬಿಟ್ಕೊಟ್ರೆ ನಮ್ಮ ದೇಶದ ಕಂಪನಿಯೋರು ಯುರೋಪಿಗೆ ನೇರ ಹಾರೋದು ಯಾವಾಗ ಅನ್ನೋದು ಸರ್ಕಾರದ ವಾದ. ನನಗೂ ಅರ್ಧ ಸರಿ ಅನ್ಸುತ್ತೆ, ಆದ್ರೆ ನಮ್ಮೋರ ಹತ್ರ ಅಷ್ಟು ದೂರ ಹೋಗೋ ದೊಡ್ಡ ವಿಮಾನ ಸಾಕಷ್ಟು ಬರೋವರೆಗೂ ದುಡ್ಡು ಕಟ್ತಾ ಇರೋಳು ನಮ್ಮಕ್ಕ ಅಲ್ವಾ.

ಅಂದಹಾಗೆ ಸರ್ಕಾರಗಳ ಈ ಚೌಕಾಸಿಗೆ 2008ರಿಂದ ಐಕಾನ್ ಅಂತ ಒಂದು ಜಾತ್ರೆ ನಡೆಯುತ್ತೆ, ಎಷ್ಟೋ ದೇಶದ ಆಫೀಸರ್‌ಗಳು ಒಂದೇ ಕಡೆ ಸೇರಿ ಟೇಬಲ್‌ನಿಂದ ಟೇಬಲ್‌ಗೆ ಹೋಗಿ ಮಾತಾಡೋದು, ಥೇಟ್ ವಧು-ವರರ ಸಮಾವೇಶ.

ಪರ್ಮಿಟ್ ಸಿಕ್ಕಿದ್ರೂ ಏರ್‌ಪೋರ್ಟಲ್ಲಿ ಟೈಮಿಂಗ್ಸ್ ಬೇರೆ ಸಿಗ್ಬೇಕು, ಲಂಡನ್ ಹೀಥ್ರೂಲಿ ಅದಕ್ಕೇ ಕೋಟಿಗಟ್ಟಲೆ ಅಂದೆ. ಮಾವ ನಕ್ಕು, ಚಿಂತಾಮಣಿ ಸ್ಟ್ಯಾಂಡಲ್ಲಿ ಐದು ನಿಮಿಷಕ್ಕೆ ಕಾಲರ್ ಹಿಡ್ಕೊಂಡಿದ್ದ ಕಥೆ ಶುರು ಮಾಡಿದ್ರು. ಅಷ್ಟರಲ್ಲಿ ಅಕ್ಕನ ಮೆಸೇಜು, ಫ್ರಾಂಕ್‌ಫರ್ಟಿಂದ ಡೈರೆಕ್ಟೇ ಬುಕ್ ಮಾಡಿದೀನಿ, ಎಂಟು ಸಾವಿರ ಜಾಸ್ತಿ ಆಯ್ತು ಅಮ್ಮಂಗೆ ಹೇಳ್ಬೇಡ ಅಂತ.