ನನ್ನ ಕರು ನಾಯಿಮರಿ ಥರ ಯಾಕೆ ಕಾಣುತ್ತೆ?

"ಪ್ಯಾಟರ್ನ್‌ನಲ್ಲಿ ಇದ್ದ ಹಾಗೇ ಹೆಣೆದಿದ್ದೀನಿ. ಆದ್ರೂ ಕರು ನಾಯಿಮರಿ ಥರ ಕಾಣುತ್ತೆ. ಯಾಕೆ?"

ಕ್ರೋಶಾದಲ್ಲಿ, ಅಂದರೆ ಹುಕ್ಕಿನಿಂದ ದಾರ ಹೆಣೆದು, ಗೊಂಬೆ ಮಾಡಲು ಕಲಿಯುತ್ತಿರುವವರು ಈ ಪ್ರಶ್ನೆಯನ್ನು ಫೋಟೊ ಸಮೇತ ಕಳಿಸುತ್ತಾರೆ. ಮದುವೆಮನೆಯ ಪಂಕ್ತಿಯಲ್ಲಿ ಎಲೆ ಮುಂದೆ ಕೂತಾಗಲೂ ಕೇಳುತ್ತಾರೆ. ಅನ್ನ ಬಡಿಸಿ ಸಾರು ಬರುವಷ್ಟರಲ್ಲಿ ಹೇಳಿ ಮುಗಿಸುವ ಉತ್ತರ ಇದಲ್ಲ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ, ಹಾಗಾಗಿ ಬರೆದಿಡುತ್ತಿದ್ದೇನೆ.

ನನಗೆ ಸಿಟ್ಟು ಬರುವುದು "ಪ್ಯಾಟರ್ನ್‌ನಲ್ಲಿ ಇದ್ದ ಹಾಗೇ" ಅನ್ನುವ ಮಾತಿಗೆ. ಪ್ಯಾಟರ್ನ್ ಕೊಡುವುದು ಲೆಕ್ಕವನ್ನು. ಮ್ಯಾಜಿಕ್ ರಿಂಗ್‌ನಲ್ಲಿ (ಎಳೆದರೆ ಬಿಗಿಯುವ ದಾರದ ಕುಣಿಕೆ) 6 ಸಿಂಗಲ್ ಕ್ರೋಶಾ (ಗಿಡ್ಡನೆಯ ಮೂಲ ಸ್ಟಿಚ್), ಮುಂದಿನ ಸುತ್ತಿಗೆ 12, ಆಮೇಲೆ 18, 24, 30. ಐದು ಸುತ್ತು 30ರಲ್ಲೇ ಹೋಗಿ, ಮತ್ತೆ 24, 18, 12, 6 ಎಂದು ಇಳಿಸಿದರೆ ನಾಲ್ಕು ಸೆಂಟಿಮೀಟರಿನಷ್ಟು ಅಗಲದ ಒಂದು ಉಂಡೆ. ಕರುವಿನ ತಲೆ ಅದೇ, ನಾಯಿಯ ತಲೆ ಅದೇ, ಕರಡಿಯದೂ ಅದೇ. ಪ್ಯಾಟರ್ನ್ ಕೊನೆಯಲ್ಲಿ "ಕಿವಿಗಳನ್ನು ತಲೆಗೆ ಹೊಲಿಯಿರಿ" ಎಂದು ಒಂದೇ ಒಂದು ಸಾಲು ಇರುತ್ತದೆ. ಆ ಸಾಲಿನಲ್ಲೇ ನಿಮ್ಮ ಕರು ನಾಯಿಯಾಗಿರುವುದು. ಹೆಣೆಯಲು ಆರು ಗಂಟೆ ತೆಗೆದುಕೊಂಡವರು ಜೋಡಿಸುವುದನ್ನು ಅರ್ಧ ಗಂಟೆಯಲ್ಲಿ, ಅದೂ ರಾತ್ರಿ ನಿದ್ದೆಗಣ್ಣಿನಲ್ಲಿ ಮುಗಿಸುತ್ತಾರೆ. ಅದಕ್ಕೆ ಮೂರು ಗಂಟೆ ಇಟ್ಟುಕೊಳ್ಳಿ. ಗುಂಡುಪಿನ್ನು ಚುಚ್ಚಿ, ದೂರದಿಂದ ನೋಡಿ, ಕಿತ್ತು, ಮತ್ತೆ ಚುಚ್ಚಿ.

ಇನ್ನೂ ಬೇಸರವಾಗುವುದು ಎಲ್ಲಿ ಅಂದರೆ, ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯವರೂ ಇದನ್ನೇ ಕೇಳುತ್ತಾರೆ. ಅಂಗಳ ದಾಟಿದರೆ ಕೊಟ್ಟಿಗೆ, ಕೊಟ್ಟಿಗೆಯಲ್ಲಿ ಮಲೆನಾಡು ಗಿಡ್ಡ ಎಂಬ ನಮ್ಮ ನಾಡತಳಿಯ ಕರು ಕಟ್ಟಿರುತ್ತದೆ. ಕೈಯಲ್ಲಿ ಮೊಬೈಲು ಹಿಡಿದು ಯಾವುದೋ ದೇಶದ ದನದ ಚಿತ್ರ ನೋಡಿಕೊಂಡು ಹೆಣೆಯುವ ಬದಲು ಆ ಕರುವಿನ ಎದುರು ಐದು ನಿಮಿಷ ಕುಕ್ಕರುಗಾಲಲ್ಲಿ ಕೂತು ನೋಡಿ. ಕಿವಿ ನೆತ್ತಿಯ ಮೇಲಿಲ್ಲ. ತಲೆಯ ಎರಡು ಪಕ್ಕದಿಂದ ಅಡ್ಡಕ್ಕೆ ಚಾಚಿಕೊಂಡಿದೆ, ತುದಿ ಸ್ವಲ್ಪ ಕೆಳಗೆ. ಕೊಂಬು ಮೂಡುವ ಜಾಗ ಅದಕ್ಕಿಂತ ಮೇಲೆ. ಬುಡದಲ್ಲಿ ಕಿವಿ ಕೊಳವೆಯ ಹಾಗೆ ಸುತ್ತಿಕೊಂಡಿದೆ, ನಡುವೆ ಅಗಲ, ತುದಿಗೆ ಮತ್ತೆ ಚೂಪು. ಹೆಚ್ಚುಕಡಿಮೆ ಹಲಸಿನ ಎಲೆ. ಕಣ್ಣುಗಳು ಮುಖದ ಮುಂದೆ ಒತ್ತೊತ್ತಾಗಿ ಇಲ್ಲ, ಪಕ್ಕಕ್ಕೆ ಸರಿದಿವೆ. ಮೂತಿ ಅಗಲ, ಒದ್ದೆ, ತುದಿಯಲ್ಲೂ ಕಿರಿದಾಗುವುದಿಲ್ಲ.

ಈಗ ನಿಮ್ಮ ಗೊಂಬೆ ನೋಡಿ. ಕಿವಿ ನೆತ್ತಿಯ ಮೇಲೆ, ಕಣ್ಣು ಹತ್ತಿರ ಹತ್ತಿರ, ಮೂತಿ ದುಂಡಗೆ. ಅದು ನಾಯಿಮರಿಯೇ.

ಸರಿಪಡಿಸುವುದು ಹೀಗೆ. ಮೇಲೆ ಹೇಳಿದ 30ರ ಉಂಡೆಯಲ್ಲಿ ನೆತ್ತಿಯಿಂದ ಸುತ್ತು ಎಣಿಸಿ. ಕಿವಿ 6 ಮತ್ತು 7ನೇ ಸುತ್ತಿನ ಮಟ್ಟದಲ್ಲಿ, ಒಂದಕ್ಕೊಂದು ನೇರ ವಿರುದ್ಧ ದಿಕ್ಕಿಗೆ, ಅಂದರೆ 15 ಸ್ಟಿಚ್ ಅಂತರದಲ್ಲಿ ಬರಬೇಕು. ಕಣ್ಣು 7 ಮತ್ತು 8ನೇ ಸುತ್ತಿನ ನಡುವೆ, ಎರಡರ ಮಧ್ಯೆ 9 ಸ್ಟಿಚ್. ಹೆಚ್ಚಿನವರು 4–5 ಸ್ಟಿಚ್ ಬಿಡುತ್ತಾರೆ, ಮುದ್ದಾಗಿ ಕಾಣುತ್ತದೆ ಅಂತ. ಮುದ್ದಾಗಿಯೇ ಕಾಣುತ್ತದೆ, ಕರುವಾಗಿ ಕಾಣುವುದಿಲ್ಲ.

ಕಿವಿಯನ್ನು 6 ಸ್ಟಿಚ್ಚಿನ ರಿಂಗ್‌ನಿಂದ ಶುರುಮಾಡಿ. ಎರಡನೇ ಸುತ್ತು ಹೆಚ್ಚಿಸದೆ 6ರಲ್ಲೇ ಇರಲಿ, ತುದಿ ಚೂಪಾಗುವುದು ಅದರಿಂದ. ಆಮೇಲೆ 9, 12, ಒಂದು ಸುತ್ತು ಸುಮ್ಮನೆ 12, ಕೊನೆಗೆ 9ಕ್ಕೆ ಇಳಿಸಿ. ಒಳಗೆ ಏನೂ ತುಂಬಬೇಡಿ. ಚಪ್ಪಟೆ ಮಾಡಿ, ಬುಡವನ್ನು ಎರಡಾಗಿ ಮಡಚಿ, ಆ ಮಡಿಕೆಗೆ ಎರಡು ಹೊಲಿಗೆ ಹಾಕಿ, ಆಮೇಲೆ ತಲೆಗೆ ಸೇರಿಸಿ. ಮಡಚದೆ ಚಪ್ಪಟೆಯಾಗಿಯೇ ಹೊಲಿದರೆ ಕಿವಿ ಜೋಲುಬೀಳುತ್ತದೆ, ಮತ್ತೆ ನಾಯಿ.

ಮೂತಿಯನ್ನು ರಿಂಗ್‌ನಿಂದ ಮಾಡಲೇಬೇಡಿ. ರಿಂಗ್ ಕೊಡುವುದು ದುಂಡು, ನಮಗೆ ಬೇಕಾದದ್ದು ಅಂಡಾಕಾರ. 6 ಚೈನ್ (ಸರಪಳಿಯಂಥ ಕುಣಿಕೆ) ಹಾಕಿ, ಹುಕ್ಕಿನಿಂದ ಎರಡನೇ ಚೈನಿಗೆ ಶುರುಮಾಡಿ 4 ಸಿಂಗಲ್ ಕ್ರೋಶಾ, ಕೊನೆಯ ಚೈನಿಗೆ ಒಂದರಲ್ಲೇ 3. ಹಾಗೇ ತಿರುಗಿ ಚೈನಿನ ಇನ್ನೊಂದು ಬದಿಗೆ 3, ಕೊನೆಯದರಲ್ಲಿ 2. ಒಟ್ಟು 12. ಮುಂದಿನ ಸುತ್ತಿನಲ್ಲಿ ಎರಡು ತುದಿಗಳಲ್ಲಿ ಮಾತ್ರ ಮೂರು ಮೂರು ಹೆಚ್ಚಿಸಿ 18 ಮಾಡಿ, ಉದ್ದ ಬದಿಗಳನ್ನು ಮುಟ್ಟಬೇಡಿ. ಎರಡು ಸುತ್ತು ಹಾಗೇ ಹೋದರೆ ಸಾಕು. ದೇಹಕ್ಕಿಂತ ತಿಳಿ ಬಣ್ಣದ ದಾರ ಇರಲಿ. ಸ್ವಲ್ಪವೇ ತುಂಬಿ, 9ನೇ ಸುತ್ತಿನಿಂದ ಕೆಳಕ್ಕೆ ಅಡ್ಡಲಾಗಿ ಹೊಲಿಯಿರಿ. ಮೂಗಿನ ಹೊಳ್ಳೆಗಳನ್ನು ಮೂತಿಯ ಮಧ್ಯೆ ತರದೆ ಎರಡು ಮೂಲೆಗೆ ತಳ್ಳಿ.

ಇಷ್ಟಾದ ಮೇಲೆ ತಲೆಯನ್ನು ದೇಹಕ್ಕೆ ಸೇರಿಸುವ ಕೋನ. ತಲೆಯನ್ನು ಮೈಯ ಮೇಲೆ ಗೋಪುರದ ಕಳಶದ ಹಾಗೆ ನೆಟ್ಟಗೆ ಕೂರಿಸಿದರೆ ಬಾಗಿಲು ಕಾಯುವ ನಾಯಿಯ ಭಂಗಿ ಬರುತ್ತದೆ. ದನದ ತಲೆ ಬೆನ್ನಿನ ಗೆರೆಯಿಂದ ಮುಂದಕ್ಕೆ ಚಾಚಿ, ಮೂತಿ ಕೊಂಚ ನೆಲದ ಕಡೆ ಬಾಗಿರುತ್ತದೆ. ದೇಹವನ್ನು ಅಡ್ಡ ಮಲಗಿಸಿ (6ರಿಂದ 30ರವರೆಗೆ ಏರಿ, 10 ಸುತ್ತು ಹಾಗೇ ಹೋಗಿ ಇಳಿದ ಉದ್ದನೆ ಉಂಡೆ), ಅದರ ಎದೆಯ ಮೇಲ್ಭಾಗಕ್ಕೆ ತಲೆಯ ಹಿಂಬದಿ ತಾಗುವಂತೆ ಹೊಲಿಯಿರಿ.

ಮೊಬೈಲಿನಲ್ಲಿ ಸಿಗುವ ಪ್ಯಾಟರ್ನ್‌ಗಳಲ್ಲಿ ಹೆಚ್ಚಿನವು ಕಪ್ಪು-ಬಿಳಿ ಮಚ್ಚೆಯ ಹೋಲ್‌ಸ್ಟೀನ್ ದನದವು. ಅದಕ್ಕೆ ಡುಬ್ಬ ಇಲ್ಲ. ನಮ್ಮ ಗಿಡ್ಡಕ್ಕೆ ಇದೆ, ಸಣ್ಣದಾದರೂ ಇದೆ. 6, 12, 12 ಎಂದು ಮೂರೇ ಸುತ್ತಿನ ಒಂದು ಟೋಪಿ ಹೆಣೆದು, ಚಿಟಿಕೆ ತುಂಬಿ, ಕುತ್ತಿಗೆಯ ಹಿಂದೆ ಹೊಲಿಯಿರಿ. ಗಲ್ಲದಿಂದ ಮುಂಗಾಲುಗಳ ನಡುವಿನವರೆಗೆ ಮೈಮೇಲೇ ಎಂಟು-ಹತ್ತು ಸಿಂಗಲ್ ಕ್ರೋಶಾ ಒಂದು ಸಾಲು ಹಾಕಿದರೆ ಗಂಗೆದೊಗಲು, ಅಂದರೆ ಕೊರಳ ಕೆಳಗೆ ಜೋಲುವ ಚರ್ಮ. ಮಚ್ಚೆಯ ತಂಟೆಗೆ ಹೋಗಬೇಡಿ, ಕಪ್ಪೋ ಕಂದೋ ಒಂದೇ ಬಣ್ಣ ಸಾಕು. ಡುಬ್ಬ ಮತ್ತು ಗಂಗೆದೊಗಲು ಕೂತ ಕೂಡಲೇ ಇದು ನಾಯಿಯೋ ಕರುವೋ ಎಂಬ ಅನುಮಾನ ಉಳಿಯುವುದಿಲ್ಲ. ಒಟ್ಟು ಅರ್ಧ ಗಂಟೆಯ ಕೆಲಸ, ಎಲ್ಲರೂ ಬಿಡುವುದೂ ಇದನ್ನೇ.

ಕಾಲು ಒಂದೊಂದೂ 6, 12. ಮೂರನೇ ಸುತ್ತನ್ನು ಸ್ಟಿಚ್ಚಿನ ತಲೆಯ ಎರಡು ಎಳೆಗಳಲ್ಲಿ ಹಿಂದಿನದಕ್ಕೆ ಮಾತ್ರ ಹೆಣೆದರೆ ಪಾದದ ಅಂಚು ಮೂಡಿ ಗೊರಸು ಚಪ್ಪಟೆಯಾಗಿ ನಿಲ್ಲುತ್ತದೆ. ಮೂರು ಸುತ್ತು ಗೊರಸಿನ ಬಣ್ಣ, ಆರು ಸುತ್ತು ಮೈಬಣ್ಣ. ಬಣ್ಣ ಬದಲಿಸುವಾಗ ಹಳೆಯ ದಾರದ ಕೊನೆಯ ಸ್ಟಿಚ್ಚನ್ನು ಅರ್ಧಕ್ಕೆ ನಿಲ್ಲಿಸಿ, ಉಳಿದ ಎರಡು ಕುಣಿಕೆಗಳಿಂದ ಹೊಸ ದಾರವನ್ನು ಎಳೆಯಬೇಕು, ಇಲ್ಲದಿದ್ದರೆ ಗಡಿಯಲ್ಲಿ ಹಳೆ ಬಣ್ಣದ ಹಲ್ಲು ಕಾಣುತ್ತದೆ. ಕರು ಮುಗ್ಗರಿಸುತ್ತಿದ್ದರೆ ಮುಂಗಾಲುಗಳು ತೀರಾ ಹಿಂದಿವೆ ಎಂದೇ ಅರ್ಥ. ತಲೆಯ ಭಾರ ಮುಂದಿದೆಯಲ್ಲ.

"ಹತ್ತಿ ಹೊರಗೆ ಇಣುಕುತ್ತೆ" ಅನ್ನುವವರಿಗೆ: ಹುಕ್ಕು ದೊಡ್ಡದಾಗಿದೆ. ಉಲ್ಲನ್ ಉಂಡೆಯ ಲೇಬಲ್ಲಿನಲ್ಲಿ 4 ಮಿ.ಮೀ. ಎಂದಿರುವುದು ಸ್ವೆಟರಿಗೆ. ಗೊಂಬೆಗೆ ಅದೇ 8 ಪ್ಲೈ (ಮಧ್ಯಮ ದಪ್ಪದ) ದಾರಕ್ಕೆ 2.5 ಮಿ.ಮೀ. ಹಿಡಿಯಿರಿ. ಇನ್ನೊಂದು ಕಾರಣ, ಬ್ರಿಟಿಷ್ ಪ್ಯಾಟರ್ನ್‌ನ ಡಬಲ್ ಕ್ರೋಶಾ ಎಂದರೆ ಅಮೆರಿಕದವರ ಸಿಂಗಲ್ ಕ್ರೋಶಾ. ಅದು ತಿಳಿಯದೆ ಹುಕ್ಕಿಗೆ ದಾರ ಸುತ್ತಿ ಉದ್ದನೆಯ ಕಂಬ ಹಾಕಿದರೆ ಮೈಯೆಲ್ಲ ಜರಡಿ. ಇಳಿಸುವಾಗ ಎರಡು ಸ್ಟಿಚ್ಚಿನ ಮುಂದಿನ ಎಳೆಗಳನ್ನು ಮಾತ್ರ ಹಿಡಿದು ಒಂದು ಮಾಡಿ, ತೂತು ಬೀಳುವುದಿಲ್ಲ.

ಇಷ್ಟು ಹೇಳಿದೆ. ಆದರೆ ಯಾರೂ ಕೇಳದ, ಎಲ್ಲರೂ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ ಇದೆ: "ಇದನ್ನು ಮಗುವಿನ ಕೈಗೆ ಕೊಡಬಹುದಾ?"

ತೊಟ್ಟಿಲ ಶಾಸ್ತ್ರಕ್ಕೆ, ವರ್ಷದ ಹುಟ್ಟುಹಬ್ಬಕ್ಕೆ ಈ ಕರುಗಳನ್ನು ಉಡುಗೊರೆ ಕೊಡುತ್ತಾರೆ. ಆ ವಯಸ್ಸಿನ ಮಗು ಮೊದಲು ಮಾಡುವುದು ಕಿವಿಯನ್ನೋ ಮೂತಿಯನ್ನೋ ಬಾಯಿಗಿಟ್ಟು ಎಳೆಯುವುದು. ಹೊಳೆಯುವ ಪ್ಲಾಸ್ಟಿಕ್ ಕಣ್ಣಿಗೆ "ಸೇಫ್ಟಿ ಐ" ಎಂದು ಹೆಸರಿದೆ ಅಷ್ಟೇ. ಅದರ ಹಿಂದಿನ ವಾಷರ್ ಗಟ್ಟಿ ಬಟ್ಟೆಯಲ್ಲಿ ನಿಲ್ಲುತ್ತದೆ. ಕ್ರೋಶಾದ ಸ್ಟಿಚ್ ಎಳೆದರೆ ಹಿಗ್ಗುತ್ತದೆ, ಸಡಿಲ ಕೈಯಲ್ಲಿ ಹೆಣೆದಿದ್ದರೆ ವಾಷರ್ ಸಮೇತ ಕಣ್ಣು ಕಳಚಿ ಬರುತ್ತದೆ. ಮಗುವಿನ ಗಂಟಲಿಗೆ ಸಿಕ್ಕಿಕೊಳ್ಳುವಷ್ಟು ಚಿಕ್ಕದೋ ಎಂದು ಆಟಿಕೆಗಳ ಬಿಡಿಭಾಗ ಪರೀಕ್ಷಿಸುವ ಸಿಲಿಂಡರಿನ ಅಗಲ 31.7 ಮಿ.ಮೀ. ಅದರೊಳಗೆ ಪೂರ್ತಿ ಇಳಿಯುವ ಬಿಡಿಭಾಗ ಮೂರು ವರ್ಷದೊಳಗಿನ ಮಗುವಿನ ಆಟಿಕೆಯಿಂದ ಕಳಚಿ ಬರಬಾರದು. ನಿಮ್ಮ ಕಣ್ಣು 8 ಮಿ.ಮೀ. ಹಾಗಾಗಿ ಚಿಕ್ಕ ಮಕ್ಕಳಿಗೆ ಕಪ್ಪು ದಾರದಲ್ಲಿ ಕಸೂತಿ ಕಣ್ಣೇ ಸರಿ. ನಾಲ್ಕೈದು ಅಡ್ಡ ಎಳೆ, ಮೂಲೆಯಲ್ಲೊಂದು ಬಿಳಿ ಎಳೆ, ಸಾಕಷ್ಟು ಜೀವ ಬರುತ್ತದೆ. ದೀಪಾವಳಿಯ ಗೋಪೂಜೆಗೆ ಸಿಂಗರಿಸಿದ ಹಾಗೆ ಕೊರಳಿಗೆ ಗೆಜ್ಜೆ, ಮಣಿ, ಅಡಿಕೆ ಕಟ್ಟುವ ಆಸೆ ಎಲ್ಲರಿಗೂ ಆಗುತ್ತದೆ. ಬೇಡ. ಹಾರವನ್ನು ಹಳದಿ ದಾರದಲ್ಲಿ ಮೈಗೇ ಕಸೂತಿ ಹಾಕಿ.

ಒಳಗೆ ತುಂಬುವುದಕ್ಕೆ ಮನೆಯ ಹಳೇ ದಿಂಬಿನ ಅರಳೆ ಬೇಡ. ಅರಳೆ ತೇವ ಹೀರುತ್ತದೆ, ಬೇಗ ಒಣಗುವುದಿಲ್ಲ, ಗಂಟುಕಟ್ಟುತ್ತದೆ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಪಾಟಿನಲ್ಲಿಟ್ಟ ಚಪ್ಪಲಿಗೇ ಬೂಷ್ಟು ಬರುವಾಗ, ಜೊಲ್ಲಿನಲ್ಲಿ ನೆಂದ ಅರಳೆಯ ಕರುವಿನ ಒಳಗೆ ಏನು ಬೆಳೆಯುತ್ತದೆ ಎಂದು ಯೋಚಿಸಿ. ಪಾಲಿಯೆಸ್ಟರ್ ಫೈಬರ್ ತನ್ನಿ, ಚಿಟಿಕೆ ಚಿಟಿಕೆಯಾಗಿ ಬಿಡಿಸಿ ತುಂಬಿ. ಒಂದೇ ಮುದ್ದೆ ತುರುಕಿದರೆ ಹೊರಗಿನಿಂದ ಗಡ್ಡೆ ಕಾಣುತ್ತದೆ. ತೊಳೆದ ಮೇಲೆ ಟವೆಲಿನಲ್ಲಿ ಸುತ್ತಿ ಒತ್ತಿ, ಗಾಳಿಗೆ ಇಡಿ. ಮಳೆಗಾಲದಲ್ಲಿ ಬಚ್ಚಲ ಒಲೆಯ ಪಕ್ಕ ಇಡುವವರಿದ್ದಾರೆ. ಅಕ್ರಿಲಿಕ್ ದಾರ ಬಿಸಿಗೆ ಜೀವ ಕಳೆದುಕೊಂಡು ಜೋಲುತ್ತದೆ, ಕೈಯಿಟ್ಟರೆ ಬೆಚ್ಚಗೆ ಅನ್ನಿಸುವಷ್ಟು ದೂರದಲ್ಲಿ ಇರಲಿ.

ಕಿವಿ, ಕಾಲು, ಬಾಲ, ಡುಬ್ಬ ಪ್ರತಿಯೊಂದಕ್ಕೂ ಒಂದು ಗೇಣು ದಾರ ಉಳಿಸಿಕೊಂಡು, ಎರಡು ಸುತ್ತು ಹೊಲಿದು, ಉಳಿದ ತುದಿಯನ್ನು ಮೈಯೊಳಗೆ ಮೂರು ಬೇರೆ ಬೇರೆ ದಿಕ್ಕಿಗೆ ಹಾಯಿಸಿ ಕತ್ತರಿಸಿ. ಆಮೇಲೆ ಒಂದೊಂದನ್ನೂ ಎರಡು ಬೆರಳಲ್ಲಿ ಹಿಡಿದು ಜೋರಾಗಿ ಎಳೆದು ನೋಡಿ. ಬುಡದಲ್ಲಿ ಕೂದಲೆಳೆಯಷ್ಟು ಬೆಳಕು ಕಂಡರೂ ಬಿಚ್ಚಿ ಮತ್ತೆ ಹೊಲಿಯಿರಿ.