ಗಾಡಿ ಮೈಮೇಲೆ ಬಂದರೆ ಟೈರಿಗೆ ಗುಂಡು ಹೊಡೆಯಬಾರದಾ?

ಟ್ರಾಫಿಕ್ ಪೊಲೀಸ್ ಆಗಿದ್ದವನು ಅಂತ ಗೊತ್ತಾದರೆ ಸಾಕು, ಮದುವೆ ಮನೆಯ ಪಂಕ್ತಿಯಲ್ಲೂ ಈ ಪ್ರಶ್ನೆ ಬರುತ್ತದೆ: “ಕೈ ಅಡ್ಡ ಹಾಕಿದರೂ ನಿಲ್ಲಿಸದೆ ಕಾರು ಮೈಮೇಲೆ ನುಗ್ಗಿಸಿದರೆ ಟೈರಿಗೆ ಒಂದು ಗುಂಡು ಹೊಡೆಯಬಾರದಾ ಸಾರ್?”

ನಮ್ಮ ಟ್ರಾಫಿಕ್‌ನವರ ಸೊಂಟದಲ್ಲಿ ಸಾಮಾನ್ಯವಾಗಿ ಪಿಸ್ತೂಲೇ ಇರುವುದಿಲ್ಲ. ಇದ್ದರೂ ನಾನು ಹೇಳುವುದು ಒಂದೇ: ಪಕ್ಕಕ್ಕೆ ಸರಿಯಬೇಕು.

ಗಂಟೆಗೆ 50 ಕಿಲೋಮೀಟರ್ ವೇಗದ ಕಾರು ಒಂದು ಸೆಕೆಂಡಿಗೆ ಸುಮಾರು 14 ಮೀಟರ್ ಬರುತ್ತದೆ. ಕೈ ಸೊಂಟಕ್ಕೆ ಹೋಗುವಷ್ಟರಲ್ಲಿ ಅದು ನಮ್ಮ ಕಾಲ ಬುಡದಲ್ಲಿರುತ್ತದೆ. ಗುಂಡು ಬಿದ್ದ ಟೈರಿನ ಗಾಳಿ ಇಳಿಯಲು ಹೊತ್ತು ಬೇಕು, ಆಮೇಲೂ ಗಾಡಿ ರಿಮ್ಮಿನ ಮೇಲೆ ಓಡುತ್ತದೆ. ಚಾಲಕನಿಗೇ ತಗುಲಿತು ಅನ್ನಿ. ಆಗ ಒಂದು ಟನ್ನಿಗೂ ಹೆಚ್ಚು ತೂಕದ ಗಾಡಿ ಹಿಡಿಯುವವರಿಲ್ಲದೆ ಜನರ ನಡುವೆ ಹೋಗುತ್ತದೆ. ಹಿಂದಿನ ಸೀಟಿನಲ್ಲಿ ಮಗು ಇತ್ತೋ ಏನೋ, ಆ ಗಳಿಗೆಯಲ್ಲಿ ಯಾರು ನೋಡಿರುತ್ತಾರೆ? ನ್ಯೂಯಾರ್ಕ್ ಪೊಲೀಸರು 1972ರಲ್ಲೇ ಈ ಬಗ್ಗೆ ನಿಯಮ ಮಾಡಿದರು. ಗಾಡಿಯೊಳಗಿನವನು ಗಾಡಿಯನ್ನು ಬಿಟ್ಟು ಬೇರೆ ಮಾರಕಾಸ್ತ್ರ ತೋರಿಸದ ಹೊರತು ಚಲಿಸುವ ವಾಹನಕ್ಕೆ ಗುಂಡು ಹಾರಿಸುವಂತಿಲ್ಲ.

“ಕ್ಷಣಾರ್ಧದಲ್ಲಿ ತೀರ್ಮಾನ ಮಾಡಬೇಕಲ್ಲ, ಪಾಪ” ಎಂದು ಕೆಲವರು ನಮ್ಮ ಪರ ಮಾತಾಡುತ್ತಾರೆ. ಆ ಕ್ಷಣಾರ್ಧ ಎಲ್ಲಿಂದ ಹುಟ್ಟಿತು ಅಂತಲೂ ಕೇಳಬೇಕು. 2016ರಲ್ಲಿ ಅಮೆರಿಕದ ಹ್ಯೂಸ್ಟನ್‌ನಲ್ಲಿ ಟೋಲ್ ಬಾಕಿಯಿದ್ದ ಒಂದು ಬಾಡಿಗೆ ಕಾರನ್ನು ಅಧಿಕಾರಿಯೊಬ್ಬರು ತಡೆದರು. ಕಾರು ಮುಂದಕ್ಕೆ ಚಲಿಸಿದ್ದೇ ತಡ, ಅವರು ಬಾಗಿಲ ಕೆಳಗಿನ ಪಟ್ಟಿಯ ಮೇಲೆ ಹತ್ತಿ ನಿಂತರು. ಎರಡೇ ಸೆಕೆಂಡಿನಲ್ಲಿ ಮೊದಲ ಗುಂಡು ಹಾರಿತು, ಚಾಲಕ ಸತ್ತ. ಕೆಳಗಿನ ಕೋರ್ಟುಗಳು ಆ ಎರಡು ಸೆಕೆಂಡು ಮಾತ್ರ ನೋಡಿ, ಅಧಿಕಾರಿಯ ಜೀವಕ್ಕೆ ಅಪಾಯವಿತ್ತು ಎಂದವು. 2025ರ ಮೇನಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ‘ಬಾರ್ನ್ಸ್ ವರ್ಸಸ್ ಫೆಲಿಕ್ಸ್’ ತೀರ್ಪಿನಲ್ಲಿ ಅದನ್ನು ಒಮ್ಮತದಿಂದ ತಳ್ಳಿಹಾಕಿತು. ಮೊದಲಿಂದ ಏನೇನು ನಡೆಯಿತು ಎಂಬುದನ್ನೂ ನೋಡಬೇಕು ಎಂದಿತು. ಅಧಿಕಾರಿ ಮಾಡಿದ್ದು ಸರಿಯೋ ತಪ್ಪೋ ಎಂದು ತಾನೇ ಹೇಳದೆ ಮರುವಿಚಾರಣೆಗೆ ಕಳಿಸಿತು. ನನಗಂತೂ ಆ ಪಟ್ಟಿಯ ಮೇಲೆ ಕಾಲಿಟ್ಟದ್ದೇ ತಪ್ಪು.

ನಮ್ಮಲ್ಲಿ ಗುಂಡಿನ ಮಾತು ಅಪರೂಪ. ನಮ್ಮ ಕಾಯಿಲೆ ಬೇರೆ: ಹೋಗುವ ಬೈಕಿನ ಮುಂದೆ ದಿಢೀರನೆ ಹಾರುವುದು, ಹ್ಯಾಂಡಲ್ ಹಿಡಿದು ಎಳೆಯುವುದು, ಕೀ ಕಿತ್ತುಕೊಳ್ಳುವುದು. 2025ರ ಮೇನಲ್ಲೇ ಮಂಡ್ಯದಲ್ಲಿ, ಹೆಲ್ಮೆಟ್ ತಪಾಸಣೆಗೆಂದು ಬೈಕ್ ತಡೆದಾಗ, ನಾಯಿ ಕಚ್ಚಿ ಆಸ್ಪತ್ರೆಗೆ ಹೊರಟಿದ್ದ ಪುಟ್ಟ ಹುಡುಗಿ ತಂದೆತಾಯಿಯ ಕಣ್ಣೆದುರೇ ರಸ್ತೆಗೆ ಬಿದ್ದು ತೀರಿಕೊಂಡಳು. ಮೂವರು ಎಎಸ್‌ಐಗಳು ಅಮಾನತಾದರು. ಹಠಾತ್ತನೆ ಅಡ್ಡ ಬರಬೇಡಿ, ಕೀ ಕೀಳಬೇಡಿ ಎಂದು ಮೇಲಿಂದ ಸೂಚನೆ ಬಂತು. ಆ ಸುದ್ದಿ ಓದಿದ ದಿನ ನನಗೆ ಊಟ ಸೇರಲಿಲ್ಲ. ವಯಸ್ಸಿನಲ್ಲಿ ನಾನೂ ಹಾಗೆ ಹ್ಯಾಂಡಲ್ ಹಿಡಿದವನೇ. ಯಾರೂ ಬೀಳದಿದ್ದದ್ದು ನನ್ನ ಪುಣ್ಯ.

ಆಮೇಲಾಮೇಲೆ ಹೊಸ ಹುಡುಗರಿಗೆ ನಾನು ಹೇಳಿಕೊಡುತ್ತಿದ್ದದ್ದು ನಿಲ್ಲುವ ಜಾಗದ ವಿಷಯ. ತಿರುವಿನ ಮರೆಯಲ್ಲಿ ನಿಲ್ಲಬೇಡ. ಇನ್ನೂರು ಮೀಟರ್ ದೂರದಿಂದಲೇ ಬ್ಯಾರಿಕೇಡು, ನಿನ್ನ ಜಾಕೆಟ್ಟು ಕಾಣಲಿ. ರಾತ್ರಿಯಾದರೆ ಬೇಟನ್ ಲೈಟ್ ಇಲ್ಲದೆ ರಸ್ತೆಗಿಳಿಯಬೇಡ. ಬಾನೆಟ್ ಮುಂದೆ ಹೋಗಬೇಡ, ಓಡುತ್ತಿರುವ ಗಾಡಿಯ ಕಿಟಕಿಯೊಳಗೆ ಕೈ ಹಾಕಬೇಡ. ಹಿಂದೆ ಸರಿಯಲು ಎರಡು ಹೆಜ್ಜೆ ಜಾಗ ಇಟ್ಟುಕೊಂಡೇ ನಿಲ್ಲು.

ಇದನ್ನು ಕಲಿಸುವುದು ಸುಲಭ, ಉಳಿಸಿಕೊಳ್ಳುವುದು ಕಷ್ಟ. ಒಮ್ಮೆ ನಾಕಾಬಂದಿಯಲ್ಲಿ ಬಿಳಿ ಕಾರೊಂದು ಬ್ಯಾರಿಕೇಡಿಗೆ ಗುದ್ದಿ ನುಗ್ಗಿತು. ನನ್ನ ಜೊತೆಗಿದ್ದ ಕಾನ್‌ಸ್ಟೇಬಲ್ ಹುಡುಗ ಸರಕ್ಕನೆ ಪಕ್ಕಕ್ಕೆ ಹಾರಿ, ನಂಬರನ್ನು ಅಂಗೈ ಮೇಲೆ ಬರೆದುಕೊಂಡ. ಠಾಣೆಯಲ್ಲಿ ಅವನಿಗೆ ಸಿಕ್ಕಿದ್ದು “ಬಿಟ್ಟು ಕಳಿಸಿದೆಯೇನಯ್ಯಾ?” ಎಂಬ ಬೈಗುಳ. ಬಾನೆಟ್ ಮೇಲೆ ತೂಗಾಡಿದವನಿಗೆ ಶಹಬ್ಬಾಸ್ ಸಿಗುವ ಕಡೆ, ಮುಂದಿನ ಸಲ ಅವನ ಕಾಲು ಯಾವ ಕಡೆ ಹೋದೀತು?

ಆ ಕಾರು ಮೂರನೆಯ ದಿನ ಸಿಕ್ಕಿತು, ಅದೇ ನಂಬರಿನಿಂದ. ಅಷ್ಟು ಹೊತ್ತಿಗೆ ಹುಡುಗ ಅಂಗೈ ತೊಳೆದುಕೊಂಡಿದ್ದ. ಡೈರಿಯಲ್ಲಿ ಆ ನಂಬರನ್ನು ನಾನೇ ಬರೆದಿಟ್ಟಿದ್ದೆ, ಪಕ್ಕದಲ್ಲಿ ಅವನ ಹೆಸರನ್ನೂ.